ಕಡಿಮೆ ಬಿದ್ದ ಶಾಲು

ಶಾಲು ಹೊದಿಸಿಕೊಳ್ಳುವವರು ಬೇರೆ, ಹೊದಿಸುವವರು ಬೇರೆ, ಆ ಶಾಲನ್ನು ತಾಟಿನಲ್ಲಿ ಹಿಡಿದು ಪಕ್ಕದಲ್ಲಿ ನಿಲ್ಲುವವರು ಬೇರೆ. ನಾನು ಮೂರನೆಯ ಪಂಗಡದವನು. ಬೆಳಗಾವಿಯ ನಮ್ಮದೊಂದು ಸಣ್ಣ ಸಂಗೀತ ಸಭೆಗೆ ಇಪ್ಪತ್ತು ವರ್ಷಗಳಿಂದ ಕಾರ್ಯದರ್ಶಿಯಾಗಿದ್ದೇನೆ. ಕಾರ್ಯದರ್ಶಿ ಎಂದರೆ ಏನೋ ದೊಡ್ಡ ಹುದ್ದೆ ಎಂದು ತಿಳಿಯಬೇಡಿ. ಜಮಖಾನೆ ಹಾಸಿಸುವುದು, ಮೈಕಿನವನಿಗೆ ನಾಲ್ಕು ಸಲ ಫೋನು ಮಾಡುವುದು, ಸತ್ಕಾರದ ಶಾಲು ಹಾರ ಹೊಂದಿಸುವುದು, ಕೊನೆಗೆ ಜನ ಚಪ್ಪಲಿ ಹುಡುಕುತ್ತಿರುವಾಗ ವಂದನಾರ್ಪಣೆ ಮಾಡುವುದು, ಇಷ್ಟೇ. ಅಧ್ಯಕ್ಷರು ಕಲಾವಿದರಿಗೆ ಶಾಲು ಹೊದಿಸುವಾಗ ಅದರ ಒಂದು ತುದಿ ಜಾರದಂತೆ ಹಿಡಿಯುವುದೂ ನನ್ನ ಪಾಲಿಗೇ ಬಂದಿದೆ. ಹೀಗಾಗಿ ಊರಿನ ಪತ್ರಿಕೆಗಳಲ್ಲಿ ನನ್ನ ಎಡಗೈ ಅನೇಕ ಸಲ ಪ್ರಕಟವಾಗಿದೆ. ಮುಖ ಇನ್ನೂ ಆಗಬೇಕು. ನನ್ನ ಹೆಂಡತಿ ಶೈಲಾ ಆ ಫೋಟೋಗಳನ್ನೆಲ್ಲ ಕತ್ತರಿಸಿ ಒಂದು ವಹಿಯಲ್ಲಿ ಅಂಟಿಸಿದ್ದಾಳೆ. ರಾಮತೀರ್ಥ ನಗರದ ನಮ್ಮ ಮನೆಗೆ ಬೀಗರು ಬಂದಾಗ ಅದನ್ನು ಬಿಚ್ಚಿ, "ಇದು ನೋಡ್ರಿ, ನಮ್ಮವರ ವಾಚು" ಎಂದು ಬೆರಳಿಟ್ಟು ತೋರಿಸುತ್ತಾಳೆ.

ಶಾಲು ಹೊದಿಸುವುದೇನು ಮಹಾ ವಿದ್ಯೆ ಎಂದು ಹೊದಿಸಿ ಗೊತ್ತಿಲ್ಲದವರು ಹೇಳುತ್ತಾರೆ. ಕನ್ನಡಕ ಹಾಕಿದವರ ಕನ್ನಡಕ ಬೀಳಬಾರದು. ಇದ್ದ ನಾಲ್ಕು ಕೂದಲನ್ನು ಜತನವಾಗಿ ಬಾಚಿಕೊಂಡು ಬಂದವರ ಕೂದಲು ಕೆದರಬಾರದು. ನಮ್ಮ ಅಧ್ಯಕ್ಷರು ಹಲ್ಲಿನ ಡಾಕ್ಟರು, ಸ್ವಲ್ಪ ಗಿಡ್ಡ. ಎದುರಿಗಿನವರು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಾಗ ಅವರ ಕೈ ಸರಾಗವಾಗಿ ಓಡುತ್ತದೆ, ನಿಂತವರ ಹೆಗಲು ಮಾತ್ರ ಎಟುಕುವುದಿಲ್ಲ. ಅಂಥ ಹೊತ್ತಿನಲ್ಲಿ ನಾನು ಹಿಂದಿನಿಂದ ಮೆಲ್ಲಗೆ ಶಾಲನ್ನು ಎತ್ತಿ ಕೊಡುತ್ತೇನೆ. ಇದೆಲ್ಲ ಕೈಚಳಕದ ಮಾತಾಯಿತು. ನಿಜವಾದ ನಿಯಮ ಒಂದೇ: ವೇದಿಕೆಯ ಮೇಲೆ ಕೂತವರಲ್ಲಿ ಒಬ್ಬರನ್ನೂ ಬಿಡಬಾರದು. ಹಾಡುವವರಿಗೆ ಹೊದಿಸಿದ ಮೇಲೆ ತಬಲಾದವರಿಗೆ, ಪೇಟಿಯವರಿಗೆ, ಹಿಂದೆ ತಂಬೂರಿ ಮೀಟುವ ಹುಡುಗಿಯರಿಗೆ, ಎಲ್ಲರಿಗೂ ಹೊದಿಸಬೇಕು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತೇವೆ. ಈ ನಿಯಮವನ್ನು ನಾನು ಹೊಸ ಸದಸ್ಯರಿಗೆಲ್ಲ ಬೆರಳೆತ್ತಿ ಬೋಧಿಸುತ್ತೇನೆ. ಒಮ್ಮೆ ಅದನ್ನು ಮುರಿದವನೂ ನಾನೇ ಎಂಬುದನ್ನು ಅವರಿಗೆ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ಹನ್ನೊಂದು ವರ್ಷದ ಹಿಂದಿನ ಮಾತು. ಖಾನಾಪುರದ ದಸ್ತಗೀರ ಮಾಸ್ತರರು ಆಗ ನಮ್ಮ ಸಭೆಯ ಕಾಯಂ ಪೇಟಿಯವರು. ಹೊಟ್ಟೆಪಾಡಿಗೆ ಖಾನಾಪುರ ಪೇಟೆಯಲ್ಲಿ ಹೊಲಿಗೆಯ ಅಂಗಡಿ, ಸಾಲಿ ಹುಡುಗರ ಯುನಿಫಾರಂ ಹೊಲಿಯುತ್ತಾರೆ. ಗಿರಾಕಿಗಳ ಜೊತೆ ಕನ್ನಡ, ಮರಾಠಿ, ಮನೆಯಲ್ಲಿ ದಖ್ಖನಿ, ಪೇಟಿ ಮುಂದಿದ್ದರೆ ಯಾವ ಭಾಷೆಯೂ ಇಲ್ಲ. ಹಾಡುವವರ ಬೆನ್ನಿಗೆ ಹೇಗೆ ನಿಲ್ಲಬೇಕು, ಎಲ್ಲಿ ಸರಿದುಕೊಳ್ಳಬೇಕು ಎಂಬುದು ಅವರಿಗೆ ಗೊತ್ತಿದ್ದಷ್ಟು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. ಅವತ್ತಿನ ಕಾರ್ಯಕ್ರಮಕ್ಕೆ ನಾನು ಲೆಕ್ಕ ಹಾಕಿಯೇ ಶಾಲು ತಂದಿದ್ದೆ. ಆದರೆ ಮುಖ್ಯ ಅತಿಥಿಗಳು ತಮ್ಮ ಮೈದುನರನ್ನೂ ಕರೆದುಕೊಂಡು ಬಂದರು, ಬಂದ ಮೈದುನರು ನೇರವಾಗಿ ವೇದಿಕೆ ಹತ್ತಿ ಕೂತರು, ಕೂತವರಿಗೆ ಹೊದಿಸದೆ ಇರುವುದು ಹೇಗೆ? ಹೊದಿಸಿದೆವು. ಮುಂದೆ ಒಬ್ಬೊಬ್ಬರ ಹೆಸರು ಕರೆಯುತ್ತ ಬಂದೆ. ದಸ್ತಗೀರ ಮಾಸ್ತರರ ಸರದಿ ಬಂದಾಗ ತಾಟಿನಲ್ಲಿ ಎರಡು ಬಾಳೆಹಣ್ಣಿದ್ದವು. ತಮ್ಮ ಸರದಿ ಎಂದು ತಿಳಿದು ಮಾಸ್ತರರು ಅರ್ಧ ಎದ್ದಿದ್ದರು. ನಾನು ಮೈಕಿನಲ್ಲಿ, "ಇಲ್ಲಿಗೆ ಸತ್ಕಾರ ಸಮಾರಂಭ ಮುಗಿಯಿತು" ಎಂದುಬಿಟ್ಟೆ. ಯಾಕೆ ಹಾಗೆಂದೆನೋ ಇಂದಿಗೂ ತಿಳಿದಿಲ್ಲ, ಬಾಯಿ ತಾನೇ ಅಂದಿತು. ಮಾಸ್ತರರು ಏನೂ ಆಗಿಲ್ಲವೆಂಬಂತೆ ಪೇಟಿಯ ಮೇಲೆ ಬಗ್ಗಿದರು. ಗಾಳಿ ಹಾಕುವ ಹಲಗೆಯ ಕೊಂಡಿ ಸಡಿಲವಾಗಿದೆಯೇನೋ, ಅದಕ್ಕೇ ಎದ್ದದ್ದೇನೋ ಎಂಬಂತೆ ಅದನ್ನು ಎರಡು ಸಲ ಒತ್ತಿ ನೋಡಿ, ಕೂತುಕೊಂಡರು. ಅವತ್ತು ಬಹಳ ಚೆನ್ನಾಗಿ ನುಡಿಸಿದರು. ಮತ್ತೆ ನಮ್ಮ ಸಭೆಗೆ ಬರಲಿಲ್ಲ.

ಕರೆದಾಗಲೆಲ್ಲ ಕೈನೋವು, ಇಲ್ಲವೆ ಯಾರದೋ ಮದುವೆ, ಇಲ್ಲವೆ ಯುನಿಫಾರಂ ಹೊಲಿಯುವ ಅವಸರ. ತಿಂಗಳಾದ ಮೇಲೆ ನಾನೇ ಒಂದು ಒಳ್ಳೆಯ ಶಾಲು ತೆಗೆದುಕೊಂಡು ಖಾನಾಪುರದ ಬಸ್ಸು ಹತ್ತಿದೆ. ಚಹಾ ತರಿಸಿದರು, ಮಕ್ಕಳ ಸುದ್ದಿ ಕೇಳಿದರು, ಶಾಲನ್ನು ಮಾತ್ರ ಕಾಗದ ಸಮೇತ ನನ್ನ ಚೀಲಕ್ಕೆ ವಾಪಸು ಹಾಕಿದರು. "ಸರ, ಅರಿವಿ ಅಂಗಡಿ ಇಟ್ಟಾಂವಗ ಶಾಲಿಂದೇನ ಕೊರತಿ ಇರತೈತ್ರಿ?" ಎಂದು ನಕ್ಕರು. ನಾನು ಇಳಿಯುವಾಗ ಮೆಟ್ಟಿಲ ಹತ್ತಿರ ಬಂದು, "ನಾ ಎದ್ದಿದ್ನೆಲ್ರಿ. ಅಷ್ಟ" ಎಂದರು. ಆ 'ಅಷ್ಟ'ವನ್ನು ಹೊತ್ತುಕೊಂಡು ನಾನು ಬೆಳಗಾವಿಗೆ ಬಂದೆ. ಶಾಲು ಕಪಾಟಿನ ಮೇಲಿನ ಖಾನೆಗೆ ಹೋಯಿತು.

ಹೀಗಿರುವಾಗ ಈಚೆಗೆ ನಮ್ಮ ಅಧ್ಯಕ್ಷರಿಗೆ ಗೋವಾದಿಂದ ಪರಿಚಯದವರೊಬ್ಬರ ಫೋನು ಬಂತು. ಯುರೋಪಿನ ಒಂದು ಸಣ್ಣ ದೇಶದ ರಾಷ್ಟ್ರೀಯ ಸಿಂಫನಿ ಆರ್ಕೆಸ್ಟ್ರಾ ಪುಣೆಯಲ್ಲಿ ನುಡಿಸಿ ಗೋವಾಕ್ಕೆ ಹೋಗುವುದಿದೆಯಂತೆ, ನಡುವೆ ಒಂದು ಮಧ್ಯಾಹ್ನ ಖಾಲಿ ಇದೆಯಂತೆ, ಬೆಳಗಾವಿ ದಾರಿಯಲ್ಲೇ ಇದೆಯಂತೆ, ನೀವು ಜಾಗ ಮಾಡಿಕೊಡುತ್ತೀರಾ? ಅಧ್ಯಕ್ಷರು ಹಲ್ಲು ಕೀಳುತ್ತಿದ್ದವರು ಅರ್ಧಕ್ಕೇ ಬಿಟ್ಟು ಹೂಂ ಎಂದರು. ಕಮಿಟಿಯ ಸಭೆ ಸೇರಿತು. ಕೋಲು ಆಡಿಸಿ ಎಲ್ಲರನ್ನೂ ನುಡಿಸುವ ಕಂಡಕ್ಟರ್ ಎಂಬ ಒಬ್ಬರು ಬರುತ್ತಾರೆ ಎಂದ ಕೂಡಲೇ ನೀವು ಊಹಿಸಿದ ಬಸ್ಸಿನ ಜೋಕನ್ನು ನಮ್ಮವರು ಮೂರು ಬಗೆಯಲ್ಲಿ ಹೇಳಿ ಮುಗಿಸಿದರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಅವರ ಮ್ಯಾನೇಜರ್ ಕಳಿಸಿದ ಕಾಗದದಲ್ಲಿ, ವೇದಿಕೆಯ ಮೇಲೆ ಕೂರುವವರು ಅರವತ್ತೆರಡು ಮಂದಿ ಎಂದಿತ್ತು.

ಅರವತ್ತೆರಡು ಶಾಲು! ನಾನು ಕೂತಲ್ಲೇ ಗುಣಾಕಾರ ಮಾಡಿದೆ. ಒಂದು ಶಾಲಿಗೆ ಅರ್ಧ ನಿಮಿಷ ಹಿಡಿದರೂ ಮೂವತ್ತೊಂದು ನಿಮಿಷ. ಅವರ ಸಿಂಫನಿ ಮೂವತ್ತೆಂಟು ನಿಮಿಷದ್ದು. ಅಧ್ಯಕ್ಷರ ತೋಳಿನ ಗತಿ ಏನು ಎಂದು ಒಬ್ಬರು ಕೇಳಿದರು. ನಾನು ಪಟ್ಟು ಬಿಡಲಿಲ್ಲ. ಬಿಟ್ಟರೆ ಎಲ್ಲರನ್ನೂ ಬಿಡಿ, ಕೊಟ್ಟರೆ ಎಲ್ಲರಿಗೂ ಕೊಡಿ ಎಂದೆ. ಮ್ಯಾನೇಜರ್‌ಗೆ ಬರೆದು ಅರವತ್ತೆರಡು ಹೆಸರು ಕೇಳಿದೆ. ಪಾಪ, ಅವನಿಗೆ ನನ್ನ ಕಷ್ಟವೇ ಅರ್ಥವಾಗಲಿಲ್ಲ. ನಮ್ಮಲ್ಲಿ ಕಂಡಕ್ಟರ್‌ಗೆ ಮತ್ತು ಅತಿಥಿ ಕಲಾವಿದೆಗೆ ಒಂದೊಂದು ಹೂಗುಚ್ಛ ಕೊಟ್ಟರೆ ಸಾಕು, ಉಳಿದವರಿಗೆ ಏನೂ ಬೇಡ ಎಂದು ಬರೆದ. ಉಳಿದವರು! ಆ ಒಂದು ಶಬ್ದ ಓದಿ ನನಗೆ ಎರಡು ದಿನ ಊಟ ಸೇರಲಿಲ್ಲ. ಕೊನೆಗೆ ಕಮಿಟಿ ಒಂದು ತೀರ್ಮಾನಕ್ಕೆ ಬಂತು: ಶಾಲು ಇಬ್ಬರಿಗೆ, ಉಳಿದವರಿಗೆಲ್ಲ ಒಂದೊಂದು ಡಬ್ಬಿ ಕುಂದಾ, ಅದನ್ನು ಬಸ್ಸಿನಲ್ಲಿ ಇಡುವುದು. ಬೆಳಗಾವಿಯಲ್ಲಿ ಯಾವ ಸಮಸ್ಯೆಯಾದರೂ ಕೊನೆಗೆ ಕುಂದಾದಲ್ಲೇ ಬಗೆಹರಿಯುತ್ತದೆ. ನಾನು ಮನೆಗೆ ಬಂದು ಇದನ್ನೆಲ್ಲ ಗೊಣಗಿದಾಗ ಶೈಲಾ ಚಪಾತಿ ಲಟ್ಟಿಸುತ್ತಿದ್ದಳು. ತಲೆ ಎತ್ತದೆ, "ಅರವತ್ತೆರಡು ಮಂದಿಗೆ ಹೊಚ್ಚಿದ್ರೂ ಖಾನಾಪುರದಾಗ ಒಬ್ಬರು ಉಳೀತಾರ ನೋಡ್ರಿ" ಎಂದಳು. ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ ಹೆಂಡತಿ ಗುರಿ ತಪ್ಪುವುದಿಲ್ಲ.

ಮರುದಿನ ಖಾನಾಪುರಕ್ಕೆ ಹೋದೆ. ಈ ಸಲ ಚೀಲದಲ್ಲಿ ಶಾಲು ಇರಲಿಲ್ಲ, ಆಮಂತ್ರಣದ ಒಂದು ಕಾರ್ಡು ಮಾತ್ರ. ದಸ್ತಗೀರ ಮಾಸ್ತರರ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಪೇಟಿ ಅಂಗಡಿಯ ಮೂಲೆಯಲ್ಲಿ ಬಟ್ಟೆಯ ತುಂಡುಗಳ ಕೆಳಗಿತ್ತು. ಕಾರ್ಡನ್ನು ಕನ್ನಡಕ ಹಾಕಿಕೊಂಡು ಓದಿದರು. ಕೈನೋವು ಬರುತ್ತದೋ ಮದುವೆ ಬರುತ್ತದೋ ಎಂದು ನಾನು ಕಾಯುತ್ತ ಕೂತೆ. ಅವರು ಕಾರ್ಡನ್ನು ತಿರುವಿ ನೋಡಿ, "ಪೇಟಿ ಇಲ್ದ ಇಷ್ಟು ಮಂದಿ ಸುರ ಹೆಂಗ ಹಿಡೀತಾರ್ರಿ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ, ಬಂದೇ ನೋಡಬೇಕು ಎಂದೆ. ಕಾರ್ಡನ್ನು ಹೊಲಿಗೆಯ ಮಷೀನಿನ ಮೇಲಿಟ್ಟು, "ಕೇಳಾಕ ಬರತೇನ್ರಿ ಸರ. ಹಿಂದ ಕುಂದರತೇನಿ. ಮುಂದ ಕರೀಬ್ಯಾಡ್ರಿ" ಎಂದರು. ಹೇಗೂ ಬೆಳಗಾವಿಯ ರವಿವಾರ ಪೇಟೆಯಲ್ಲಿ ಅಂಗಡಿಗೆ ಸಾಮಾನು ತರುವುದಿದೆ ಎಂದೂ ಸೇರಿಸಿದರು. ಮಾನವಂತರು ಬರುವುದಕ್ಕೂ ಒಂದು ನೆಪ ಇಟ್ಟುಕೊಳ್ಳುತ್ತಾರೆ.

ನಾಟಕಶಾಲೆಗಳೆಲ್ಲ ಮೊದಲೇ ಹಿಡಿದುಹೋಗಿದ್ದರಿಂದ ಕಾರ್ಯಕ್ರಮಕ್ಕೆ ಒಂದು ಮಂಗಲ ಕಾರ್ಯಾಲಯ ಸಿಕ್ಕಿತ್ತು. ವಧೂವರರ ಸಿಂಹಾಸನಗಳನ್ನು ಒಳಗೆ ಸರಿಸಿ, ಹಲಗೆ ಜೋಡಿಸಿ ವೇದಿಕೆಯನ್ನು ದೊಡ್ಡದು ಮಾಡಿಸಿದೆವು. ಆರ್ಕೆಸ್ಟ್ರಾ ಬೆಳಿಗ್ಗೆಯೇ ಬಂದಿಳಿಯಿತು. ಪಿಟೀಲುಗಳೇ ಮೂವತ್ತರ ಹತ್ತಿರ, ಮನುಷ್ಯರಿಗಿಂತ ಎತ್ತರದ ವಾದ್ಯಗಳು, ಹಿತ್ತಾಳೆಯ ಸುರುಳಿ ಕಹಳೆಗಳು. ಅತಿಥಿ ಕಲಾವಿದೆ ಇನ್ನೂ ಎಳೆಯ ಹುಡುಗಿ, ಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲು ಅವಳದು. ಅದರ ಕೆಳಗಿನ ಮೊಳೆ ತಮ್ಮ ಕೆಂಪು ರತ್ನಗಂಬಳಿಗೆ ತೂತು ಮಾಡೀತೆಂದು ಕಾರ್ಯಾಲಯದ ಮಾಲೀಕರು ಅವಳ ಸುತ್ತ ಸುಳಿಯುತ್ತಲೇ ಇದ್ದರು. ಕಂಡಕ್ಟರ್ ಐವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಸಣ್ಣ ಬಿಳಿ ಕೋಲು, ಮುಖದಲ್ಲಿ ಹಾಜರಿ ತೆಗೆದುಕೊಳ್ಳುವವರ ಶಿಸ್ತು. ನಮ್ಮ ಕಡೆ ಸಾಲಿಯ ಶಿಕ್ಷಕಿಯರಿಗೆ ಹೇಳುವಂತೆ ಎಲ್ಲರೂ ಅವರನ್ನು ಬಾಯಾರು ಎಂದೇ ಕರೆಯತೊಡಗಿದೆವು.

ತಾಲೀಮು ಶುರುವಾಗಿ ಎರಡು ನಿಮಿಷವಾಗಿರಲಿಕ್ಕಿಲ್ಲ, ವೇದಿಕೆಯ ಮೇಲಿನ ನಾಲ್ಕು ದೊಡ್ಡ ಫ್ಯಾನುಗಳ ಗಾಳಿಗೆ ಸ್ಟ್ಯಾಂಡುಗಳ ಮೇಲಿದ್ದ ಸ್ವರಲಿಪಿಯ ಹಾಳೆಗಳೆಲ್ಲ ಹಾರಿದವು. ಪಿಟೀಲಿನವರ ಹಾಳೆ ಕಹಳೆಯವರ ಹತ್ತಿರ, ಕಹಳೆಯವರದು ಅಡುಗೆಮನೆಯ ಬಾಗಿಲಿಗೆ. ಬಾಯಾರು ಕೋಲು ಕೆಳಗಿಟ್ಟರು. ಫ್ಯಾನು ಬಂದ್ ಮಾಡಿ ಎಂದು ನಾನು ಕೂಗಿದೆ. ಬಂದ್ ಮಾಡಿದರು, ದೀಪಗಳೂ ಹೋದವು. ವೇದಿಕೆಯ ದೀಪಕ್ಕೂ ಫ್ಯಾನಿಗೂ ಒಂದೇ ಸ್ವಿಚ್ಚು. ಮದುವೆಯಲ್ಲಿ ಬೆಳಕು ಬೇಕಾದಾಗ ಗಾಳಿಯೂ ಬೇಕೇ ಬೇಕಲ್ಲ ಎಂದು ಮಾಲೀಕರು ಮರಾಠಿಯಲ್ಲಿ ಸಮಜಾಯಿಷಿ ಹೇಳಿದರು. ವೈರ್‌ಮನ್ ಸಂಜೆಗೆ ಸಿಗುತ್ತಾನಂತೆ, ಕಾರ್ಯಕ್ರಮ ನಾಲ್ಕು ಗಂಟೆಗೆ. ಬಾಯಾರು ಮ್ಯಾನೇಜರ್‌ನ ಕಿವಿಯಲ್ಲಿ ಏನೋ ಹೇಳಿದರು, ಅವನು ಗಡಿಯಾರ ನೋಡಿಕೊಂಡು ಬಸ್ಸಿನ ಕಡೆ ನೋಡಿದ. ಇಷ್ಟು ವರ್ಷ ಕಲಾವಿದರನ್ನು ಕರೆಸಿದವನು ನಾನು, ನುಡಿಸದೆ ಹೊರಡುವವರ ಮುಖ ಹೇಗಿರುತ್ತದೆಂದು ಬಲ್ಲೆ.

ಆಗ ಹಿಂದಿನ ಸಾಲಿನಿಂದ ಯಾರೋ ಬಂದು ನನ್ನ ಪಕ್ಕದಲ್ಲಿ ನಿಂತರು. "ಸರ, ಲಾಸ್ಟಿಕ್ ನಡೀತೈತೇನ್ರಿ?" ದಸ್ತಗೀರ ಮಾಸ್ತರರು. ಬೇಗ ಬಂದು ಸುಮ್ಮನೆ ಹಿಂದೆ ಕೂತು ನೋಡುತ್ತಿದ್ದರಂತೆ. ಕೈಚೀಲದಲ್ಲಿ ಆಗತಾನೆ ರವಿವಾರ ಪೇಟೆಯಲ್ಲಿ ಕೊಂಡ, ಸಾಲಿ ಹುಡುಗರ ಚಡ್ಡಿಗೆ ಹಾಕುವ ಇಲಾಸ್ಟಿಕ್ಕಿನ ದೊಡ್ಡ ಉಂಡೆ. ನನ್ನ ಉತ್ತರಕ್ಕೆ ಕಾಯದೆ ವೇದಿಕೆ ಹತ್ತಿ, ಮೊದಲ ಸ್ಟ್ಯಾಂಡಿನ ಎರಡೂ ಅಂಚಿಗೆ ಒಂದೊಂದು ಪಟ್ಟಿ ಬಿಗಿದು, ಹಾಳೆಯನ್ನು ಅದರೊಳಗೆ ಸಿಕ್ಕಿಸಿ, ಎಳೆದು ತಿರುವಿ ಮತ್ತೆ ಸಿಕ್ಕಿಸಿ ತೋರಿಸಿದರು. ಬಾಯಾರು ಬಗ್ಗಿ ನೋಡಿ, ತಾವೂ ಒಂದು ಸಲ ತಿರುವಿ ನೋಡಿ, ತಲೆದೂಗಿದರು. ನಲವತ್ತಕ್ಕೂ ಮೇಲೆ ಸ್ಟ್ಯಾಂಡು. ಮಾಸ್ತರರು ಕತ್ತರಿಸಿದರು, ಗಂಟು ಹಾಕಿದರು, ನಾನು ಉಂಡೆ ಹಿಡಿದುಕೊಂಡು ಅವರ ಹಿಂದೆ ತಿರುಗಿದೆ. ಎಡಗೈಯಲ್ಲೇ ಹಿಡಿದಿದ್ದೆ, ಅಭ್ಯಾಸಬಲ. ಅಷ್ಟರಲ್ಲಿ ತೆಳ್ಳಗಿನ ಕಪ್ಪು ಕೊಳಲಿನಂಥ ವಾದ್ಯದವನೊಬ್ಬ ಒಂದೇ ಸ್ವರ ಹಿಡಿದ, ಉಳಿದವರೆಲ್ಲ ತಮ್ಮ ವಾದ್ಯವನ್ನು ಅದಕ್ಕೆ ಕೂಡಿಸಿಕೊಂಡರು. ಮಾಸ್ತರರ ಕತ್ತರಿ ನಿಂತಿತು. "ಅಂವ ಇವರ ಪೇಟಿ ನೋಡ್ರಿ" ಎಂದು ನನಗೆ ಹೇಳಿದರು. ಹನ್ನೊಂದು ವರ್ಷದಲ್ಲಿ ಅವರು ತಾವಾಗಿ ನನಗೆ ಹೇಳಿದ ಮೊದಲ ಸಂಗೀತದ ಮಾತು ಅದು.

ನಾಲ್ಕು ಗಂಟೆಗೆ ಕಾರ್ಯಾಲಯ ತುಂಬಿತ್ತು. ಅಧ್ಯಕ್ಷರು ಬಾಯಾರಿಗೂ ಅತಿಥಿ ಕಲಾವಿದೆಗೂ ಶಾಲು ಹೊದಿಸಿ ಹೂಗುಚ್ಛ ಕೊಟ್ಟರು, ನನ್ನ ಎಡಗೈ ತನ್ನ ಕರ್ತವ್ಯ ಮಾಡಿತು. ಮಾಸ್ತರರು ಮತ್ತೆ ಕೊನೆಯ ಸಾಲಿಗೆ ಹೋಗಿ ಕೂತಿದ್ದರು. ಸಂಗೀತ ಹೇಗಿತ್ತು ಎಂದು ಕೇಳಿದರೆ ನಾನು ದೊಡ್ಡ ಮಾತು ಆಡಲಾರೆ. ಎಲ್ಲಿ ವ್ಹಾ ಎನ್ನಬೇಕೆಂದು ತಿಳಿಯದೆ ನಮ್ಮ ಮಂದಿ ಒಳಗೊಳಗೇ ಒದ್ದಾಡಿದರು. ಆದರೆ ಆ ಹುಡುಗಿಯ ದೊಡ್ಡ ಪಿಟೀಲು ತಗ್ಗಿನ ಸ್ವರದಲ್ಲಿ ಹಾಡತೊಡಗಿದಾಗ, ಅಳುವ ಕೂಸುಗಳೂ ಸುಮ್ಮನಾದವು. ಕಾರ್ಯಾಲಯದ ಮಾಲೀಕರು ರತ್ನಗಂಬಳಿ ಮರೆತು ಕಣ್ಣು ಮುಚ್ಚಿಕೊಂಡರು. ಫ್ಯಾನು ತಿರುಗಿತು, ಒಂದು ಹಾಳೆಯೂ ಹಾರಲಿಲ್ಲ.

ಸಿಂಫನಿ ನಡೆಯುವಾಗ ನನ್ನ ಕಣ್ಣು ಮಾತ್ರ ಹಿಂದೆ ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕನ ಮೇಲಿತ್ತು. ಅವನ ಮುಂದೆ ಒಂದು ಸಣ್ಣ ಮುಕ್ಕೋನದ ಕಬ್ಬಿಣದ ಸರಳು ತೂಗುತ್ತಿತ್ತು. ಅರ್ಧ ಗಂಟೆ ಅವನು ಕೈಕಟ್ಟಿ ಕೂತ. ಎಲ್ಲರೂ ಬೆವರು ಸುರಿಸಿ ನುಡಿಸುತ್ತಿದ್ದರೆ ಅವನು ಎಣಿಸುತ್ತಿದ್ದ. ಕೊನೆಗೆ ಎದ್ದು ಮೂರು ಸಲ ಟಿಣ್ ಎನ್ನಿಸಿ ಮತ್ತೆ ಕೂತ. ಇವನಿಗೆ ಶಾಲಿಲ್ಲ, ಹೂವಿಲ್ಲ, ಕುಂದಾ ಒಂದೇ ಎಂದು ನನಗೆ ಬಹಳ ಕೆಡುಕೆನಿಸಿತು. ಸಂಗೀತ ಮುಗಿದು ಚಪ್ಪಾಳೆ ಎದ್ದಾಗ ಅತಿಥಿ ಹುಡುಗಿಯೂ ಮತ್ತೆ ವೇದಿಕೆಗೆ ಬಂದಳು. ಬಾಯಾರು ಜನರಿಗೆ ನಮಸ್ಕರಿಸಿ ಹೊರಡುತ್ತಾರೆಂದು ತಿಳಿದಿದ್ದೆ. ಅವರು ನಮಗೆ ಬೆನ್ನು ತಿರುಗಿಸಿ, ಕೈ ಚಾಚಿ, ಅಂಗೈ ಮೇಲೆ ಮಾಡಿ ಮೆಲ್ಲಗೆ ಎತ್ತಿದರು. ಸುರ ಕೊಟ್ಟವನೊಬ್ಬನೇ ಎದ್ದು ನಿಂತ. ಚಪ್ಪಾಳೆ. ಕಹಳೆಯವರನ್ನು ತೋರಿಸಿದರು, ಅವರು ಎದ್ದರು. ಆಮೇಲೆ ಎಲ್ಲರ ತಲೆಯ ಮೇಲಿಂದ ಹಿಂದಿನ ಮೂಲೆಗೆ ಬೆರಳು ಮಾಡಿದರು. ಮೂರು ಸಲ ಟಿಣ್ ಎನ್ನಿಸಿದ ಆ ಮುದುಕ ಎದ್ದು ನಿಂತ, ಕಾರ್ಯಾಲಯವೇ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಅತಿಥಿ ಹುಡುಗಿ ತನ್ನ ಹೂಗುಚ್ಛದಿಂದ ಒಂದು ಹೂ ಕಿತ್ತು ಪಕ್ಕದ ವಾದಕನಿಗೆ ಕೊಟ್ಟಳು. ಕೊನೆಗೆ ಬಾಯಾರು ಎರಡೂ ಕೈ ಎತ್ತಿ ಎಲ್ಲರನ್ನೂ ಎಬ್ಬಿಸಿದರು. ಅರವತ್ತೆರಡು ಮಂದಿಗೂ ಸತ್ಕಾರ ಆಯಿತು, ಒಂದೂ ಶಾಲಿಲ್ಲದೆ, ಎರಡೇ ನಿಮಿಷದಲ್ಲಿ. ಇಪ್ಪತ್ತು ವರ್ಷ ತಾಟು ಹಿಡಿದು ನಿಂತ ನನಗೆ ಇದೊಂದು ತಿಳಿದಿರಲಿಲ್ಲ.

ವಂದನಾರ್ಪಣೆಗೆ ನನ್ನನ್ನು ಕರೆದರು. ಕಿಸೆಯಲ್ಲಿ ಹೆಸರುಗಳ ಚೀಟಿ ಇತ್ತು, ತೆಗೆಯಲಿಲ್ಲ. ಜನ ಚಪ್ಪಲಿ ಹುಡುಕುವ ಮೊದಲೇ ಹೇಳಿಬಿಡಬೇಕೆಂದು ಮೈಕು ಹಿಡಿದೆ. ಈ ಹಾಳೆಗಳು ಹಾರದಂತೆ ಕಟ್ಟಿದವರು ಖಾನಾಪುರದ ದಸ್ತಗೀರ ಮಾಸ್ತರರು, ಅವರು ನಮ್ಮ ಸಭೆಯ ಪೇಟಿಯವರು, ಹನ್ನೊಂದು ವರ್ಷದ ಹಿಂದೆ ಅವರು ಎದ್ದಾಗ ನಾನು ಅವರ ಹೆಸರು ಹೇಳಲಿಲ್ಲ, ತಪ್ಪು ನನ್ನದು ಎಂದೆ. "ಮಾಸ್ತರ, ಸ್ವಲ್ಪ ಏಳ್ರಿ."

ಕೊನೆಯ ಸಾಲಿನಲ್ಲಿ ಯಾರೂ ಏಳಲಿಲ್ಲ. ಜನ ತಿರುಗಿ ನೋಡಿದರು. ಮುಂದೆ ಕರೆಯಬೇಡಿ ಎಂದಿದ್ದರಲ್ಲ, ಮಾತು ಮುರಿದೆನಲ್ಲ ಎಂದು ಮೈಕನ್ನು ಕೆಳಗಿಳಿಸಿದೆ. ಬಾಯಾರಿಗೆ ಕನ್ನಡ ಎಲ್ಲಿ ಬರಬೇಕು? ಆದರೆ ಕೋಲು ಹಿಡಿದವರಿಗೆ ಯಾರು ಎಲ್ಲಿ ಕೂತಿದ್ದಾರೆಂದು ತಿಳಿಯುತ್ತದೆ. ಅವರು ಒಂದು ಹೆಜ್ಜೆ ಮುಂದೆ ಬಂದು, ಕೊನೆಯ ಸಾಲಿನ ಕಡೆ ಕೈ ಚಾಚಿ, ಅಂಗೈ ಮೇಲೆ ಮಾಡಿ ಎತ್ತಿದರು. ಪಿಟೀಲಿನವರೆಲ್ಲ ತಮ್ಮ ಕಮಾನುಗಳಿಂದ ಇಲಾಸ್ಟಿಕ್ ಕಟ್ಟಿದ ಸ್ಟ್ಯಾಂಡುಗಳನ್ನು ಟಕಟಕ ಬಡಿಯತೊಡಗಿದರು. ಅದು ಅವರ ಚಪ್ಪಾಳೆಯಂತೆ. ದಸ್ತಗೀರ ಮಾಸ್ತರರು ಎದ್ದರು. ಈ ಸಲ ಪೂರ್ತಿ ಎದ್ದರು. ಮುಗಿಯುವ ತನಕ ನಿಂತೇ ಇದ್ದರು.

ಇಲ್ಲಿಗೆ ಮುಗಿಸಿದ್ದರೆ ನಾನು ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದೆ. ಅಧ್ಯಕ್ಷರು ಮೈಕು ಇಸಿದುಕೊಂಡು, ಇನ್ನೊಬ್ಬರನ್ನು ನೆನೆಯದಿದ್ದರೆ ತಪ್ಪಾಗುತ್ತದೆ ಎಂದರು. ಬೆಳಗಿನಿಂದ ಒಂದು ಕ್ಷಣ ಕೂರದೆ ದುಡಿದವರು, ಎಂದೂ ಮುಂದೆ ಬರದವರು, ಅವರಿಲ್ಲದೆ ಈ ಕಾರ್ಯಕ್ರಮವೇ ಇಲ್ಲ ಎಂದರು. ಆಗತಾನೆ ಕೂತಿದ್ದ ನಾನು ಅಂಗಿ ಸರಿಪಡಿಸಿಕೊಂಡು ಅರ್ಧ ಎದ್ದೆ. ಕುಡಿಯುವ ನೀರಿನ ಕ್ಯಾನು ಪೂರೈಸಿದವರ ಹೆಸರು ಹೇಳಿದರು. ಎದ್ದವನು ಏನು ಮಾಡಲಿ? ಮೈಕಿನ ವೈರು ಕಾಲ ಬಳಿಯೇ ಇತ್ತು. ಬಗ್ಗಿ ಅದನ್ನು ಎರಡು ಸಲ ಒತ್ತಿ ನೋಡಿದೆ.

ಜನ ಕರಗುವಾಗ ದಸ್ತಗೀರ ಮಾಸ್ತರರು ವೇದಿಕೆಯ ಹತ್ತಿರ ಬಂದರು. ಇಲಾಸ್ಟಿಕ್ ಬಿಚ್ಚಿಕೊಳ್ಳಲು ಬಂದಿರಬೇಕು ಎಂದುಕೊಂಡೆ. ಅವರು ನನ್ನ ಪಕ್ಕದಲ್ಲೇ ಬಗ್ಗಿ ವೈರನ್ನು ಮುಟ್ಟಿ ನೋಡಿದರು.

"ವೈರ್ ಸಡ್ಲ ಆಗಿತ್ತೇನ್ರಿ, ಸರ?"

"ಹೌದ್ರಿ ಮಾಸ್ತರ. ಸ್ವಲ್ಪ ಸಡ್ಲ ಆಗಿತ್ತು."

"ಅವತ್ತ ನಂದೂ ಹಂಗ ಆಗಿತ್ರಿ" ಎಂದರು. ಆಮೇಲೆ ಇಬ್ಬರೂ ಅಲ್ಲೇ ಕೂತು, ವೈರು ಹಿಡಿದುಕೊಂಡೇ, ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಆರ್ಕೆಸ್ಟ್ರಾದ ಬಸ್ಸು ಖಾನಾಪುರದ ಮೇಲೆಯೇ ಗೋವಾಕ್ಕೆ ಹೋಗುವುದಿತ್ತು, ಮಾಸ್ತರರನ್ನು ಅದರಲ್ಲೇ ಕರೆದೊಯ್ದರು. ಮೂರು ಸಲ ಟಿಣ್ ಎನ್ನಿಸಿದವನ ಪಕ್ಕದಲ್ಲಿ ಕೂತು ಕುಂದಾ ತಿನ್ನುತ್ತ ಹೋದರಂತೆ. ಇಲಾಸ್ಟಿಕ್ ಪಟ್ಟಿಗಳನ್ನು ಆರ್ಕೆಸ್ಟ್ರಾದವರು ಹಿಂದಕ್ಕೆ ಕೊಡಲೇ ಇಲ್ಲವಂತೆ, ಗೋವಾದಲ್ಲಿ ಸಮುದ್ರದ ಗಾಳಿ ಇರುತ್ತದಲ್ಲ. ಮುಂದಿನ ತಿಂಗಳ ನಮ್ಮ ಬೈಠಕ್ಕಿಗೆ ಪೇಟಿ ತರುತ್ತೇನೆ ಎಂದು ಮಾಸ್ತರರು ಫೋನು ಮಾಡಿದ್ದಾರೆ. ನಾನು ಕಪಾಟಿನ ಮೇಲಿನ ಖಾನೆಯಿಂದ ಹಳೆಯ ಶಾಲನ್ನು ತೆಗೆದು ಬಿಸಿಲಿಗೆ ಹಾಕಿದ್ದೇನೆ. ಅದರ ಪಕ್ಕದಲ್ಲಿ ಹೊಸದೊಂದು ಶಾಲನ್ನೂ ಕಂಡು, ಇದು ಯಾರಿಗೆ ಎಂದು ಶೈಲಾ ಕೇಳಿದಳು. ಒಂದು ಹೆಚ್ಚಿಗೆ ಇರಲಿ, ಯಾರಾದರೂ ಮೈದುನರು ಬಂದರೆ ಎಂದೆ. ಅವಳು ಆ ಹೊಸ ಶಾಲನ್ನು ನನ್ನ ಹೆಗಲ ಮೇಲಿಟ್ಟು, ದೂರ ನಿಂತು ನೋಡಿ, ಬಣ್ಣ ಒಪ್ಪುತ್ತದೆ ಎಂದಳು.